ಕೌಂಟರಿನ ಆಚೆ ಯಾರಿದ್ದಾರೆ?

2025ರ ಮಾರ್ಚ್‌ನಲ್ಲಿ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಎಂಟು ತಿಂಗಳ ಕೂಸೊಂದಕ್ಕೆ ಜ್ವರ ಬಂತು. ವೈದ್ಯರು ಚೀಟಿಯಲ್ಲಿ ಪ್ಯಾರಸಿಟಮಾಲ್ ಸಿರಪ್ ಬರೆದರು. ಮದ್ದಿನಂಗಡಿಯಿಂದ ಮನೆಗೆ ಬಂದದ್ದು ಅದೇ ಹೆಸರಿನ ಡ್ರಾಪ್ಸ್. ಮನೆಯವರು ಚೀಟಿಯ ಅಳತೆಯಲ್ಲೇ ಕುಡಿಸಿದರು. ಮಗುವಿನ ಯಕೃತ್ತಿಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಂಗಡಿಯವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು.

ಸಿರಪ್ಪಿಗೂ ಡ್ರಾಪ್ಸ್‌ಗೂ ಅಷ್ಟೇನು ವ್ಯತ್ಯಾಸ ಎಂದು ಕೇಳುವವರಿಗೆ ಲೆಕ್ಕ ಹೇಳಬೇಕು. ಮಕ್ಕಳ ಸಿರಪ್ಪಿನ 5 ಎಂಎಲ್‌ನಲ್ಲಿ ಸಾಮಾನ್ಯವಾಗಿ 120 ಅಥವಾ 250 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುತ್ತದೆ. ಡ್ರಾಪ್ಸ್‌ನ ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ. ಹಸುಗೂಸು ಹೆಚ್ಚು ನುಂಗಲಾರದು ಎಂದೇ ಡ್ರಾಪ್ಸನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಎರಡು ಪಟ್ಟು, ಇಲ್ಲವೆ ನಾಲ್ಕು ಪಟ್ಟು ಮದ್ದು ಹೊಟ್ಟೆ ಸೇರುತ್ತದೆ. ಜ್ವರ ಬಿಡದಿದ್ದರೆ ಆರು ಗಂಟೆಗೊಮ್ಮೆ ಮತ್ತೆ ಅಷ್ಟೇ. ವೈದ್ಯರು ಬರೆದದ್ದು ಸರಿ ಇತ್ತು, ಹೆತ್ತವರು ಮಾಡಿದ್ದು ಸರಿ ಇತ್ತು. ನಡುವೆ, ಕಪಾಟಿನಿಂದ ಬಾಟಲಿ ತೆಗೆದು ಕೌಂಟರಿನ ಮೇಲೆ ಇಡುವ ಒಂದು ಗಳಿಗೆಯಲ್ಲಿ, ಯಾರೋ ನೋಡಬೇಕಾದದ್ದನ್ನು ನೋಡಲಿಲ್ಲ, ಹೇಳಬೇಕಾದದ್ದನ್ನು ಹೇಳಲಿಲ್ಲ.

ಆ ಗಳಿಗೆಯ ಬಗ್ಗೆ ಕಾಸರಗೋಡು ಜಿಲ್ಲೆಯ ನಮ್ಮೂರಿನ ಕಡೆಯಿಂದ ಯೋಚಿಸಬೇಕು ಅನಿಸುತ್ತದೆ. ಪಳಯಂಗಾಡಿ ದೂರದ ಊರೇನಲ್ಲ. ಕುಂಬಳೆಯಲ್ಲಿ ಪ್ಯಾಸೆಂಜರ್ ಹತ್ತಿದರೆ ಅದೇ ಹಳಿಯ ಮೇಲೆ ತೆಂಕು ದಿಕ್ಕಿಗೆ ಸಿಗುವ ಸ್ಟೇಷನ್. ಆದರೆ ಕುಂಬಳೆಯಿಂದ ಐದಾರು ಕಿಲೋಮೀಟರ್ ಒಳಗಿರುವ ಅನಂತಪುರದವರು ದೊಡ್ಡ ಕಾಯಿಲೆಯ ಮದ್ದಿಗೆ ನೋಡುವುದು ಬಡಗು ದಿಕ್ಕಿಗೆ. ಸರೋವರದ ನಡುವೆ ಅನಂತಪದ್ಮನಾಭನ ಗುಡಿ ಇರುವ ಈ ಊರನ್ನು ಹೊರಗಿನವರು ಬಬಿಯಾ ಎಂಬ ಮೊಸಳೆಯಿಂದ ಗುರುತಿಸುತ್ತಾರೆ. ಅದು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ದೇಶವೆಲ್ಲ ಸುದ್ದಿಯಾಗಿತ್ತು. ಊರವರ ದಿನನಿತ್ಯದ ಬದುಕಿನ ದಾರಿಗಳು ಬೇರೆ. ಸಣ್ಣ ಜ್ವರಕ್ಕೆ ಕುಂಬಳೆ, ಸ್ವಲ್ಪ ಜೋರಾದರೆ ಕಾಸರಗೋಡು, ಹೃದಯ, ಕಿಡ್ನಿ, ಕ್ಯಾನ್ಸರ್ ಎಂದರೆ ಮಂಗಳೂರು ಅಥವಾ ದೇರಳಕಟ್ಟೆ. ಹಾಗಾಗಿ ಕುಂಬಳೆ, ನಾಯ್ಕಾಪು, ಸೀತಾಂಗೋಳಿ ಸುತ್ತಿನ ಮದ್ದಿನಂಗಡಿಯ ಕೌಂಟರಿಗೆ ಎರಡು ರಾಜ್ಯಗಳ ಚೀಟಿ ಬರುತ್ತದೆ, ಐದಾರು ಭಾಷೆಯ ಜನ ಬರುತ್ತಾರೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ. ಔಷಧದ ಕಾನೂನು ದೆಹಲಿಯಲ್ಲಿ ಬರೆದದ್ದಾದರೂ ಅದು ಪರೀಕ್ಷೆಗೆ ಒಳಗಾಗುವುದು ಇಂಥ ಕೌಂಟರುಗಳಲ್ಲಿ.

ಗಡಿಯಾಚೆಯ ಚೀಟಿ ಇಲ್ಲಿ ನಡೆಯುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ನಡೆಯುತ್ತದೆ. ಯಾವುದೇ ರಾಜ್ಯದ ಮೆಡಿಕಲ್ ರಿಜಿಸ್ಟರಿನಲ್ಲಿ ಹೆಸರಿರುವ ವೈದ್ಯರು ಬರೆದು, ಸಹಿ ಹಾಕಿ, ತಾರೀಕು ನಮೂದಿಸಿದ ಚೀಟಿಗೆ ತಲಪಾಡಿಯ ಗಡಿ ದಾಟಿದ ಮಾತ್ರಕ್ಕೆ ಬೆಲೆ ಹೋಗುವುದಿಲ್ಲ. ಫಾರ್ಮಸಿಸ್ಟರ ವಿಷಯ ಹಾಗಲ್ಲ. ಮಂಗಳೂರಿನಲ್ಲಿ ಡಿ.ಫಾರ್ಮ ಓದಿದ ಸೀತಾಂಗೋಳಿಯ ಹುಡುಗಿ ಕುಂಬಳೆಯಲ್ಲಿ ಮದ್ದು ಕೊಡಬೇಕಾದರೆ ಕೇರಳ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ಇಲ್ಲಿಂದಲೇ ನನ್ನ ಮುಖ್ಯ ಮಾತು ಶುರುವಾಗುತ್ತದೆ. ಔಷಧ ಮಾರಾಟದ ನಮ್ಮ ಕಾನೂನುಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಕೌಂಟರಿನ ಆಚೆ ಓದಿದ, ನೋಂದಾಯಿತ ಒಬ್ಬ ಮನುಷ್ಯ ಇದ್ದಾನೆ ಅಥವಾ ಇದ್ದಾಳೆ ಎಂಬ ನಂಬಿಕೆ. 1945ರ ಔಷಧ ನಿಯಮಗಳ 65ನೇ ನಿಯಮ, ಚೀಟಿಯ ಮೇಲೆ ಕೊಡುವ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೆ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎನ್ನುತ್ತದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿ, ಮೀರಿದವರಿಗೆ ಶಿಕ್ಷೆ ಇಟ್ಟಿದೆ. ಮೊದಲು ಆ ಶಿಕ್ಷೆ ಆರು ತಿಂಗಳವರೆಗಿನ ಸೆರೆ ಅಥವಾ ಬರೀ 1000 ರೂಪಾಯಿವರೆಗಿನ ದಂಡ. ಸಾವಿರ ರೂಪಾಯಿಗೆ ಹೆದರುವ ಅಂಗಡಿ ಯಾವುದು? 2023ರ ಜನ್ ವಿಶ್ವಾಸ್ ಕಾಯ್ದೆ ಸೆರೆಯನ್ನು ಮೂರು ತಿಂಗಳಿಗೆ ಇಳಿಸಿ, ದಂಡವನ್ನು ಎರಡು ಲಕ್ಷದವರೆಗೆ ಏರಿಸಿತು. ಈ ಬದಲಾವಣೆ ಒಳ್ಳೆಯದೇ. ಆದರೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ಪದ್ಧತಿ ಇದರಿಂದ ನಿಲ್ಲುತ್ತದೆ ಎಂದು ನಂಬುವುದು ಕಷ್ಟ. ಗೋಡೆಯ ಮೇಲೆ ಒಬ್ಬರ ಹೆಸರಿನ ಸರ್ಟಿಫಿಕೇಟ್ ನೇತಾಡುತ್ತಿರುತ್ತದೆ, ಅವರು ಎಲ್ಲೋ ಬೇರೆ ಕೆಲಸದಲ್ಲಿರುತ್ತಾರೆ, ತಿಂಗಳಿಗಿಷ್ಟು ಎಂದು ಹಣ ಹೋಗುತ್ತದೆ. ಕೌಂಟರಿನಲ್ಲಿ ಇರುವುದು ಮದ್ದಿನ ಡಬ್ಬಿಯ ಬಣ್ಣ ನೋಡಿ ಕಲಿತ ಹುಡುಗ. ಈ ರೋಗ ದೇಶದ ಉದ್ದಗಲಕ್ಕೂ ಇದೆ, ಔಷಧ ಇಲಾಖೆಗಳಿಗೂ ಗೊತ್ತಿದೆ. ಆ ಹುಡುಗನನ್ನು ದೂರುವುದು ನನ್ನ ಉದ್ದೇಶವಲ್ಲ. ಅವನ ಮೇಲೆ ಹೊರಿಸಬಾರದ ಭಾರವನ್ನು ಹೊರಿಸಿದ್ದೇವೆ.

ಯಾಕೆಂದರೆ ಕೌಂಟರಿನಲ್ಲಿ ದಿನವೂ ಎದುರಾಗುವ ನಿರ್ಧಾರಗಳು ಡಬ್ಬಿ ಗುರುತಿಸುವುದರಲ್ಲಿ ಮುಗಿಯುವಂಥವಲ್ಲ.

‘ಅದೇ ನಾಲ್ಕು ಮಾತ್ರೆ ಕೊಡಿ’

“ಅಣ್ಣ, ಹೋದ ಸಲ ಕೆಮ್ಮಿಗೆ ಕೊಟ್ಟಿದ್ರಲ್ಲ ಆ ಉದ್ದದ ಮಾತ್ರೆ, ಅದೇ ನಾಲ್ಕು ಕೊಡಿ.” ಯಾವ ಊರಿನ ಮದ್ದಿನಂಗಡಿಯಲ್ಲಿ ನಿಂತರೂ ಮಳೆಗಾಲದ ಸಂಜೆ ಈ ಮಾತು ಕೇಳುತ್ತದೆ. ಕೇಳುವವರು ಕೆಟ್ಟವರಲ್ಲ. ಅಡಿಕೆ ಸುಲಿದೋ, ಕಟ್ಟಡ ಕೆಲಸಕ್ಕೆ ಹೋಗಿಯೋ ಬಂದವರು. ಡಾಕ್ಟರ ಹತ್ತಿರ ಹೋದರೆ ಅವರ ಫೀಸು, ಆಟೋ ಬಾಡಿಗೆ, ಒಂದು ದಿನದ ಸಂಬಳ ಹೋಗುತ್ತದೆ. ನಾಲ್ಕು ಮಾತ್ರೆಗೆ ನೂರು ರೂಪಾಯಿಯೂ ಆಗುವುದಿಲ್ಲ. ಆದರೆ ಆ ಉದ್ದದ ಮಾತ್ರೆ ಸೆಫಿಕ್ಸಿಮ್ ಆಗಿದ್ದರೆ ಅದು ಶೆಡ್ಯೂಲ್ ಎಚ್‌1ರಲ್ಲಿ ಬರುತ್ತದೆ. 2013ರ ಆಗಸ್ಟ್ 30ರಂದು ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಯಾದ ಈ ಪಟ್ಟಿಯಲ್ಲಿ ಮೊದಲಿಗೆ 46 ಮದ್ದುಗಳಿದ್ದವು: ಮೂರನೇ ಮತ್ತು ನಾಲ್ಕನೇ ತಲೆಮಾರಿನ ಆ್ಯಂಟಿಬಯೋಟಿಕ್‌ಗಳು, ಕ್ಷಯದ ಮದ್ದುಗಳು, ಆಲ್‌ಪ್ರಜೊಲಾಮ್, ಟ್ರಾಮಡಾಲ್‌ನಂಥವು. ಇವನ್ನು ಕೊಟ್ಟಾಗ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು ಮತ್ತು ಪ್ರಮಾಣವನ್ನು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಡಬ್ಬಿಯ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರುತ್ತದೆ.

ನಾಲ್ಕು ಮಾತ್ರೆ ಕೇಳಿದವರಿಗೆ ಇದೆಲ್ಲ ಗೊತ್ತಿಲ್ಲ. ಎರಡು ದಿನ ನುಂಗಿ ಕೆಮ್ಮು ತಗ್ಗಿದ ಹಾಗೆ ಅನಿಸಿದರೆ ಬಿಟ್ಟುಬಿಡುತ್ತಾರೆ. ಹೆಚ್ಚಿನ ನೆಗಡಿ ಕೆಮ್ಮು ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡದು. ಮೈಯೊಳಗಿನ ಬೇರೆ ಬ್ಯಾಕ್ಟೀರಿಯಾಗಳು ಮಾತ್ರ ಆ ಮದ್ದಿಗೆ ಒಗ್ಗಿಕೊಳ್ಳುತ್ತವೆ. 2022ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಅಧ್ಯಯನವೊಂದು, ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು ಮಾಡಿತು. ಅಂಥ ಸಾವು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆಗುತ್ತದೆ. ಅದರ ಬೀಜ ಬಿದ್ದಿರುವುದು ಕೌಂಟರಿನಲ್ಲಿ, ‘ಅದೇ ನಾಲ್ಕು ಕೊಡಿ’ ಎಂಬ ಮಾತಿಗೆ ‘ಆಯಿತು’ ಎಂದಲ್ಲಿ.

ಕೇರಳ ಈ ವಿಷಯದಲ್ಲಿ ಉಳಿದ ರಾಜ್ಯಗಳಿಗಿಂತ ಮುಂದೆ ಹೋಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. 2018ರ ಅಕ್ಟೋಬರ್‌ನಲ್ಲಿ ‘ಕಾರ್ಸಾಪ್’ ಎಂಬ ಕ್ರಿಯಾಯೋಜನೆ ಹೊರಡಿಸಿತು; ದೇಶದಲ್ಲಿ ರಾಜ್ಯವೊಂದು ತನ್ನದೇ ಯೋಜನೆ ಮಾಡಿದ್ದು ಅದೇ ಮೊದಲು. 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಅಮೃತ್’ ಆರಂಭಿಸಿ, ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡುವ ಅಂಗಡಿಗಳ ಮೇಲೆ ಹಠಾತ್ ತಪಾಸಣೆ ನಡೆಸಿತು. ‘ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡುವುದಿಲ್ಲ’ ಎಂಬ ಬೋರ್ಡ್ ಅಂಗಡಿಗಳಲ್ಲಿ ಕಾಣಿಸಿತು. ಆ್ಯಂಟಿಬಯೋಟಿಕ್‌ಗಳನ್ನು ನೀಲಿ ಕವರಿನಲ್ಲಿ ಹಾಕಿ ಕೊಡುವ ಕ್ರಮ ಬಂತು. ಬಳಕೆ ಶೇ 20ರಿಂದ 30ರಷ್ಟು ಇಳಿದಿದೆ ಎಂದು ಸರಕಾರ ಹೇಳಿಕೊಂಡಿತು.

ಬೋರ್ಡಿನಿಂದ ಆದ ದೊಡ್ಡ ಉಪಕಾರವೊಂದಿದೆ. ‘ಇಲ್ಲ’ ಎನ್ನುವ ಫಾರ್ಮಸಿಸ್ಟರ ಬೆನ್ನಿಗೆ ಅದು ನಿಂತಿತು. ಸಣ್ಣ ಊರಿನಲ್ಲಿ ‘ಇಲ್ಲ’ ಎನ್ನುವುದು ಸುಲಭವಲ್ಲ. ಕೇಳುವವರು ಪರಿಚಯದವರು, ಒಂದೇ ಜಾತ್ರೆಗೆ ಹೋಗುವವರು, ಮದುವೆಗೆ ಕರೆಯುವವರು. ‘ನಿನಗೆ ನಂಬಿಕೆ ಇಲ್ವಾ ಮಾರಾಯಾ’ ಎಂದು ಮುಖ ಸಣ್ಣ ಮಾಡಿ ಎದುರಿನ ಅಂಗಡಿಗೆ ಹೋಗುತ್ತಾರೆ. ಎದುರಿನವರು ಕೊಟ್ಟರೆ ಸರಿಯಾಗಿ ನಡೆದುಕೊಂಡವರಿಗೇ ನಷ್ಟ. ಎಲ್ಲ ಅಂಗಡಿಯಲ್ಲೂ ಒಂದೇ ಉತ್ತರ ಸಿಗುವಂತೆ ಮಾಡುವುದು ಸರಕಾರದ ಕೆಲಸ. ಆಮೇಲೆ ಬರಿಗೈಯಲ್ಲಿ ಕಳಿಸದೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಮೂರು ದಿನದಲ್ಲಿ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಕುಂಬಳೆ ಸರಕಾರಿ ಆಸ್ಪತ್ರೆಗೆ ಹೋಗಿ ಎಂದು ಹೇಳುವುದು ಫಾರ್ಮಸಿಸ್ಟರ ಕೆಲಸ. ಹೀಗೆ ಹೇಳಲು ಓದು ಬೇಕು. ಯಾವ ಕೆಮ್ಮು ಕಾಯಬಹುದು, ಯಾವುದು ಕಾಯಬಾರದು ಎಂಬುದು ಡಬ್ಬಿಯ ಬಣ್ಣದಲ್ಲಿ ಬರೆದಿರುವುದಿಲ್ಲ.

ಕರಾವಳಿಯ ಬೆವರಿಗೂ ಮಳೆಗೂ ಜೊತೆಯಾಗಿರುವ ಹುಳುಕಡ್ಡಿಯದೂ ಇದೇ ಕಥೆ. ತುರಿಕೆಗೆಂದು ಕೇಳಿದವರಿಗೆ ಸ್ಟೀರಾಯ್ಡ್ ಬೆರೆತ ಮುಲಾಮು ಕೊಟ್ಟರೆ ಎರಡೇ ದಿನಕ್ಕೆ ತುರಿಕೆ ಮಾಯ. ಶಿಲೀಂಧ್ರ ಮಾತ್ರ ಚರ್ಮದಲ್ಲಿ ಹರಡುತ್ತಲೇ ಇರುತ್ತದೆ. ಚರ್ಮರೋಗ ತಜ್ಞರು ಬಹುಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು, ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಸೇರಿಸಲಾಯಿತು. ಈಗಲೂ ಹೆಸರು ಹೇಳಿ ಟ್ಯೂಬ್ ಕೊಳ್ಳುವವರಿದ್ದಾರೆ.

ಚೀಟಿಯಲ್ಲಿದ್ದ ಬ್ರ್ಯಾಂಡ್ ಇಲ್ಲದಿದ್ದರೆ

ಎರಡು ರಾಜ್ಯಗಳ ಚೀಟಿ ಬರುವ ಕೌಂಟರಿನಲ್ಲಿ ಇದು ತುಂಬ ಸಲ ಏಳುವ ಪ್ರಶ್ನೆ. ಮಂಗಳೂರಿನ ಆಸ್ಪತ್ರೆಯವರು ಬರೆಯುವ ಬ್ರ್ಯಾಂಡ್ ಅಲ್ಲಿನ ಸ್ಟಾಕಿಸ್ಟರ ಬಳಿ ಸಿಗುತ್ತದೆ, ಇಲ್ಲಿನವರ ಬಳಿ ಇರದಿರಬಹುದು. ಅದೇ ಮದ್ದು, ಅದೇ ಮಿಲಿಗ್ರಾಂ, ಬೇರೆ ಕಂಪನಿಯದು ಕಪಾಟಿನಲ್ಲಿದೆ. ಬೆಲೆಯೂ ಕಡಿಮೆ ಇರಬಹುದು. ಕೊಡಬಹುದೇ? ಸಾಮಾನ್ಯ ಬುದ್ಧಿ ಕೊಡು ಎನ್ನುತ್ತದೆ. 65ನೇ ನಿಯಮದ 11ಎ ಉಪನಿಯಮ ಕೊಡಬಾರದು ಎನ್ನುತ್ತದೆ: ಶೆಡ್ಯೂಲ್ ಎಚ್ ಅಥವಾ ಎಕ್ಸ್ ಮದ್ದು ಬರೆದ ಚೀಟಿಗೆ, ಅದೇ ವಸ್ತು ಇದ್ದರೂ ಇಲ್ಲದಿದ್ದರೂ, ಬೇರೆ ತಯಾರಿಕೆಯನ್ನು ಬದಲಿಯಾಗಿ ಕೊಡುವಂತಿಲ್ಲ. ವೈದ್ಯರು ಬ್ರ್ಯಾಂಡ್ ಬಿಟ್ಟು ಮದ್ದಿನ ಮೂಲ ಹೆಸರು ಬರೆದರೆ ಈ ಕಗ್ಗಂಟೇ ಇರುವುದಿಲ್ಲ. ಹಾಗೆ ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ಭಾರತೀಯ ವೈದ್ಯಕೀಯ ಮಂಡಳಿ ನಿಯಮ ಮಾಡಿತ್ತು. ಚೀಟಿಗಳನ್ನು ನೋಡಿದವರಿಗೆ ಅದರ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ಇಲ್ಲಿ ಕಾನೂನು ಮತ್ತು ರೋಗಿಯ ಹಿತ ಎದುರುಬದುರು ನಿಲ್ಲುತ್ತವೆ. ಬಡರೋಗಿಗೆ ಅದೇ ಮದ್ದನ್ನು ಕಡಿಮೆ ಬೆಲೆಗೆ ಕೊಡಬಲ್ಲ, ಓದಿದ ಫಾರ್ಮಸಿಸ್ಟರ ಕೈ ಕಟ್ಟುವ ಈ ನಿಯಮ ಬದಲಾಗಬೇಕು ಎಂದೇ ನನ್ನ ಅಭಿಪ್ರಾಯ. ಜನೌಷಧಿ ಕೇಂದ್ರ ತೆರೆದು ಕಡಿಮೆ ಬೆಲೆಯ ಮದ್ದು ಕೊಳ್ಳಿ ಎಂದು ಜನರಿಗೆ ಹೇಳುವ ಸರಕಾರವೇ, ಬ್ರ್ಯಾಂಡ್ ಚೀಟಿ ಹಿಡಿದು ಬಂದವರಿಗೆ ಅದನ್ನು ಕೊಡಬೇಡ ಎಂಬ ನಿಯಮವನ್ನು ಇಟ್ಟುಕೊಂಡಿದೆ. ಆದರೆ ಬದಲಾವಣೆ ಎಂದರೆ ಬಾಗಿಲು ಪೂರ್ತಿ ತೆರೆಯುವುದಲ್ಲ. ಅಪಸ್ಮಾರದ ಫೆನಿಟಾಯಿನ್, ಥೈರಾಯ್ಡಿನ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳಲ್ಲಿ ಹೆಚ್ಚುಕಮ್ಮಿಯ ಅಂತರ ತೀರ ಕಿರಿದು. ಕಂಪನಿ ಬದಲಾದಾಗ ರಕ್ತಕ್ಕೆ ಸೇರುವ ಪ್ರಮಾಣ ಸ್ವಲ್ಪ ಏರುಪೇರಾದರೂ ಫಿಟ್ಸ್ ಮರಳಬಹುದು, ರಕ್ತಸ್ರಾವವಾಗಬಹುದು. ಇಂಥ ಮದ್ದುಗಳನ್ನು ವೈದ್ಯರನ್ನು ಕೇಳದೆ ಬದಲಿಸಬಾರದು. ಈ ಎರಡು ಗುಂಪನ್ನು ಬೇರೆ ಮಾಡಿ ನೋಡಬಲ್ಲವರು ಯಾರು? ಮತ್ತೆ ಅದೇ ಮನುಷ್ಯ, ಸರ್ಟಿಫಿಕೇಟಿನ ಹೆಸರಿನವರು, ಕೌಂಟರಿನಲ್ಲಿ ಇದ್ದರೆ. ನಿಯಮ ಬದಲಾಗುವವರೆಗೆ ಅವರು ಮಾಡಬೇಕಾದ್ದು ಇಷ್ಟು: ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ ವೈದ್ಯರ ಒಪ್ಪಿಗೆ ಕೇಳುವುದು, ಬದಲಿಗೆ ಹೊಸ ಚೀಟಿಯನ್ನೇ ತರಿಸಿಕೊಳ್ಳುವುದು, ರೋಗಿಗೆ ವಿಷಯ ಬಿಚ್ಚಿ ಹೇಳುವುದು. ಹೆಚ್ಚು ಲಾಭ ಬಿಡುವ ಬ್ರ್ಯಾಂಡನ್ನು ಮೆಲ್ಲಗೆ ದಾಟಿಸುವುದು ಬೇರೆಯೇ ಜಾತಿಯ ಕೆಲಸ, ಅದು ಮೋಸ.

ಹೆಸರುಗಳ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋದದ್ದಿದೆ. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಮದ್ದುಗಳಿದ್ದವು. ಎರಡನ್ನೂ ಮಾಡುತ್ತಿದ್ದವರು ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳು, ಒಳಗಿದ್ದ ಮದ್ದು ಮಾತ್ರ ಬೇರೆ ಬೇರೆ: ಒಂದರಲ್ಲಿ ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೊಕ್ವಿನ್. 2001ರ ತೀರ್ಪಿನಲ್ಲಿ ನ್ಯಾಯಾಲಯ, ಔಷಧದ ಹೆಸರಿನ ಗೊಂದಲವನ್ನು ಬೇರೆ ಸಾಮಾನುಗಳ ಗೊಂದಲದ ಹಾಗೆ ಹಗುರವಾಗಿ ನೋಡಬಾರದು, ಇಲ್ಲಿ ಪ್ರಾಣದ ಪ್ರಶ್ನೆ ಇದೆ ಎಂದಿತು. ಈ ದೇಶದಲ್ಲಿ ಎಲ್ಲರಿಗೂ ಒಂದೇ ಭಾಷೆ ಇಲ್ಲ, ಇಂಗ್ಲಿಷ್ ಬಲ್ಲವರು ಕಡಿಮೆ, ಆದ್ದರಿಂದ ಎಚ್ಚರ ಇನ್ನೂ ಹೆಚ್ಚಿರಬೇಕು ಎಂಬ ವಾದವನ್ನೂ ಅದು ಮುಂದಿಟ್ಟಿತು. ಮಲೇರಿಯಾದ ಬಿಸಿ ಕಂಡ ಮಂಗಳೂರು–ಕಾಸರಗೋಡು ಕಡೆಯವರು ಆ ತೀರ್ಪನ್ನು ತಮ್ಮ ಬಗ್ಗೆಯೇ ಬರೆದದ್ದೆಂದು ಓದಬಹುದು.

ಮಣ್ಣಿನ ದಿಬ್ಬದ ಆಚೆ ಮಾತ್ರೆ

2020ರ ಮಾರ್ಚ್ ಕೊನೆಯ ದಿನಗಳನ್ನು ಈ ಭಾಗದವರು ಮರೆತಿಲ್ಲ. ಕೊರೊನಾ ಭಯದಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳದಾರಿಗಳಿಗೆ ಮಣ್ಣಿನ ದಿಬ್ಬ. ಮಂಗಳೂರಿಗೆ ತಲುಪಲಾಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ಹೆದ್ದಾರಿ ತೆರೆಸಬೇಕೆಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ಎರಡೂ ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿದವು. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಬಿದ್ದು ಕುಂಟುತ್ತಿದ್ದ ಮೆಡಿಕಲ್ ಕಾಲೇಜು ಕಟ್ಟಡ ಅದೇ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು.

ಆಂಬುಲೆನ್ಸ್ ನಿಂತದ್ದು ಸುದ್ದಿಯಾಯಿತು. ಮಾತ್ರೆ ನಿಂತದ್ದು ಅಷ್ಟಾಗಿ ಆಗಲಿಲ್ಲ. ಮಂಗಳೂರಿನ ವೈದ್ಯರ ಚೀಟಿಯ ಮೇಲೆ ತಿಂಗಳು ತಿಂಗಳು ಮದ್ದು ತರುತ್ತಿದ್ದವರಿಗೆ, ಕಿಡ್ನಿ ಬದಲಾಯಿಸಿಕೊಂಡವರಿಗೆ, ಕ್ಯಾನ್ಸರ್ ರೋಗಿಗಳಿಗೆ, ಎಂಡೋಸಲ್ಫಾನ್ ಕೀಟನಾಶಕದ ವಿಷಕ್ಕೆ ತುತ್ತಾದ ಮಕ್ಕಳಿಗೆ ಮದ್ದು ತಪ್ಪುವಂತಿಲ್ಲ. ಕೇರಳದ ಅಗ್ನಿಶಾಮಕ ದಳದವರು ಜಿಲ್ಲೆಯಿಂದ ಜಿಲ್ಲೆಗೆ ಮದ್ದು ಹೊತ್ತು ಮನೆಗಳಿಗೆ ತಲುಪಿಸಿದರು. ಅವರ ಆ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಕೇಂದ್ರ ಸರಕಾರ ಮಾರ್ಚ್ 26ರಂದು ಅಂಗಡಿಯವರು ಮನೆಬಾಗಿಲಿಗೆ ಮದ್ದು ಕೊಡಬಹುದು, ಚೀಟಿಯನ್ನು ಇಮೇಲ್‌ನಲ್ಲೂ ಪಡೆಯಬಹುದು ಎಂದು ಅಧಿಸೂಚನೆ ಹೊರಡಿಸಿತು. ಅದರಲ್ಲೊಂದು ಷರತ್ತಿತ್ತು: ಅಂಗಡಿ ಇರುವ ಕಂದಾಯ ಜಿಲ್ಲೆಯೊಳಗಿನ ರೋಗಿಗೆ ಮಾತ್ರ. ಬೆಂಗಳೂರಿಗೋ ತಿರುವನಂತಪುರಕ್ಕೋ ಇದು ಸರಿ. ಮದ್ದಿನಂಗಡಿ ಒಂದು ಜಿಲ್ಲೆಯಲ್ಲಿ, ರೋಗಿ ಇನ್ನೊಂದು ರಾಜ್ಯದಲ್ಲಿ ಇರುವ ಕುಂಬಳೆ, ಮಂಜೇಶ್ವರ, ಎಣ್ಮಕಜೆಗಳಿಗೆ ಆ ಸಾಲು ಇನ್ನೊಂದು ಮಣ್ಣಿನ ದಿಬ್ಬವಾಯಿತು. ಎಚ್‌1 ಮತ್ತು ಎಕ್ಸ್ ಪಟ್ಟಿಯ ಮದ್ದುಗಳಿಗೆ ಆ ಸೌಲಭ್ಯವೂ ಇರಲಿಲ್ಲ.

ಆ ದಿನಗಳಲ್ಲಿ ಕೌಂಟರಿಗೆ ಬಂದ ಪ್ರಶ್ನೆ ಹೀಗಿತ್ತು: ಅಪಸ್ಮಾರದ ಮಾತ್ರೆ ನಾಳೆಗೆ ಮುಗಿಯುತ್ತದೆ, ಚೀಟಿ ಹಳೆಯದು, ವೈದ್ಯರು ಗಡಿಯಾಚೆ. ಚೀಟಿಯ ಮೇಲೆ ‘ಮತ್ತೆ ಕೊಡಬಹುದು’ ಎಂದು ವೈದ್ಯರು ಬರೆಯದಿದ್ದರೆ ಒಮ್ಮೆ ಕೊಟ್ಟದ್ದನ್ನು ಎರಡನೇ ಸಲ ಕೊಡಬಾರದು ಎಂಬುದು ನಿಯಮ. ಆದರೆ ಅಪಸ್ಮಾರದ ಮದ್ದನ್ನು ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬ್ರಿಟನ್ನಿನಲ್ಲಿ ಇಂಥ ಹೊತ್ತಿಗೆ ಕಾನೂನೇ ದಾರಿ ಮಾಡಿದೆ. 2012ರ ಮಾನವ ಔಷಧ ನಿಯಮಾವಳಿಯಂತೆ ಫಾರ್ಮಸಿಸ್ಟ್ ರೋಗಿಯನ್ನು ಮಾತಾಡಿಸಿ, ಹಿಂದೆ ವೈದ್ಯರು ಬರೆದ ಮದ್ದೇ ಹೌದು, ಈಗ ಚೀಟಿ ತರುವುದು ಸಾಧ್ಯವಿಲ್ಲ ಎಂದು ಮನವರಿಕೆಯಾದರೆ, ಹೆಚ್ಚಿನ ಮದ್ದುಗಳನ್ನು 30 ದಿನಕ್ಕೆ ಮೀರದಷ್ಟು ಕೊಟ್ಟು ಕಾರಣವನ್ನು ದಾಖಲಿಸಬಹುದು. ಅಮಲಿನ ಮದ್ದುಗಳಿಗೆ ಬಿಗಿ ಮಿತಿ ಇದೆ. ನಮ್ಮ ನಿಯಮಗಳಲ್ಲಿ ಇಂಥ ಸ್ಪಷ್ಟ ದಾರಿ ಇಲ್ಲ. ಕೊಟ್ಟರೆ ನಿಯಮ ಮುರಿದಂತೆ, ಕೊಡದಿದ್ದರೆ ಮನಸ್ಸು ಒಪ್ಪದು. ಇಷ್ಟು ದೊಡ್ಡ ನಿರ್ಧಾರವನ್ನು ಒಬ್ಬರ ಎದೆಗಾರಿಕೆಗೆ ಬಿಡುವುದು ಅನ್ಯಾಯ. ಗಡಿ ಈಗ ತೆರೆದಿದೆ, ಆದರೆ ನೆರೆ ಬಂದಾಗ, ಹರತಾಳವಾದಾಗ, ವೈದ್ಯರು ಊರಲ್ಲಿಲ್ಲದಾಗ ಅದೇ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ವೈದ್ಯರನ್ನು ಕಂಡು ಚೀಟಿ ತರಿಸಿಕೊಳ್ಳಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ, ಅದನ್ನು ಬಳಸಬೇಕು. ಅದೂ ಆಗದ ಹೊತ್ತಿಗೆ ಮೂರು ದಿನದ ಮಾತ್ರೆಯನ್ನಾದರೂ ದಾಖಲೆ ಸಮೇತ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಬೇಕು.

ಹೇಳಿ ಕೊಡುವುದು

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಫಾರ್ಮಸಿಸ್ಟರ ಕೆಲಸವನ್ನು ಮಾರಾಟದಿಂದ ಮೇಲಕ್ಕೆತ್ತಿತು. ಚೀಟಿ ಪರಿಶೀಲಿಸಬೇಕು, ಒಂದಕ್ಕೊಂದು ಆಗದ ಮದ್ದುಗಳಿವೆಯೇ ನೋಡಬೇಕು, ರೋಗಿಗೆ ತಿಳಿಯುವಂತೆ ಹೇಳಬೇಕು. ಯಾವ ಭಾಷೆಯಲ್ಲಿ? ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ತೂಕವಿದೆ.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ಈ ರೋಗಗಳಿಗೆ ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಮಜ್ಜೆ ರಕ್ತ ಉಂಟುಮಾಡುವುದನ್ನೇ ನಿಲ್ಲಿಸಿ ಸಾಯುವವರಿದ್ದಾರೆ. ಜಗತ್ತಿನ ಎಲ್ಲ ಕಡೆ ಮತ್ತೆ ಮತ್ತೆ ಆಗಿರುವ ತಪ್ಪು ಇದು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಇಂಗ್ಲಿಷಿನಲ್ಲಿರುತ್ತದೆ. ಸ್ಟ್ರಿಪ್ಪಿನ ಮೇಲೂ ಇಂಗ್ಲಿಷ್. ಅಜ್ಜಿಗೆ ಬಿ.ಪಿ. ಮಾತ್ರೆ ದಿನಕ್ಕೊಂದು ಅಭ್ಯಾಸವಾಗಿದೆ, ಇದೂ ಹಾಗೆಯೇ ಎಂದುಕೊಳ್ಳುತ್ತಾರೆ. ಹೊಸದಾಗಿ ತೆಂಕಣ ಜಿಲ್ಲೆಯಿಂದ ಬಂದ ಫಾರ್ಮಸಿಸ್ಟರಿಗೆ ಕನ್ನಡವಾಗಲಿ ತುಳುವಾಗಲಿ ಬಾರದಿದ್ದರೆ, ಅವರು ಹೇಳಿದ್ದನ್ನು ಅಜ್ಜಿ ತಲೆಯಾಡಿಸಿ ಕೇಳಿಸಿಕೊಂಡು ಹೋಗುತ್ತಾರೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರ ಭಾಷಾ ಹಕ್ಕಿನ ಬಗ್ಗೆ ಶಾಲೆ, ಕಚೇರಿ, ಅರ್ಜಿ ನಮೂನೆಗಳನ್ನು ಮುಂದಿಟ್ಟು ಹೋರಾಟ ನಡೆದಿದೆ. ಮದ್ದಿನ ಕೌಂಟರೂ ಆ ಪಟ್ಟಿಯಲ್ಲಿ ಇರಬೇಕು. ಕವರಿನ ಮೇಲೆ ‘ಸೋಮವಾರ ಮಾತ್ರ’ ಎಂದು ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯಲು ಒಂದು ನಿಮಿಷ ಬೇಡ. ಓದಲು ಬಾರದವರಿಗೆ ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು: “ಅಮ್ಮ, ಈ ಮಾತ್ರೆ ಯಾವಾಗ ನುಂಗ್ತೀರಿ, ನೀವೇ ಹೇಳಿ ನೋಡುವ.” ಉತ್ತರ ಕೇಳಿದ ಮೇಲೆ ಕವರು ಕೊಡಬೇಕು. ಪಳಯಂಗಾಡಿಯಲ್ಲೂ ಹೀಗೆ ಬಾಟಲಿ ತೋರಿಸಿ ‘ಎಷ್ಟು ಕುಡಿಸ್ತೀರಿ’ ಎಂದು ಕೇಳಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುವ ಸಾಧ್ಯತೆ ಇತ್ತು.

ಕೇಳಬೇಕಾದ ಇನ್ನೊಂದು ಮಾತು ಈ ಊರಿಗೆ ವಿಶೇಷವಾಗಿ ಸಲ್ಲುತ್ತದೆ. ಅನಂತಪುರದ ಮೂಲ ವಿಗ್ರಹಗಳು 70ಕ್ಕೂ ಹೆಚ್ಚು ಔಷಧೀಯ ದ್ರವ್ಯಗಳ ಕಡುಶರ್ಕರ ಪಾಕದಿಂದ ಆದವು. 1972ರಲ್ಲಿ ಪಂಚಲೋಹದ ವಿಗ್ರಹಗಳು ಬಂದವು. ದೇವರ ಮೈಯೇ ಮದ್ದಿನಿಂದ ಆದ ಊರಿನಲ್ಲಿ ನಾಟಿಮದ್ದು, ಕಷಾಯ, ಅರಿಷ್ಟಗಳ ಮೇಲಿನ ನಂಬಿಕೆ ಆಳವಾಗಿರುವುದು ಸಹಜ, ಅದಕ್ಕೆ ಗೌರವವೂ ಸಲ್ಲಬೇಕು. ಆದರೆ ಜನ ಇಂಗ್ಲಿಷ್ ಮದ್ದಿನ ಜೊತೆಗೆ ಅದನ್ನೂ ತೆಗೆದುಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸಕ್ಕರೆ ಇಳಿಸುವ ಕಷಾಯ ಸೇರಿದರೆ ತಲೆತಿರುಗಿ ಬೀಳಬಹುದು. ಆಯುರ್ವೇದ ಮದ್ದನ್ನು ಬರೀ ಮಾರಲು ಲೈಸೆನ್ಸ್ ಬೇಕಾಗಿಲ್ಲ, ಹಾಗಾಗಿ ಅದನ್ನು ಕೊಡುವವರು ಈ ಪ್ರಶ್ನೆ ಕೇಳಬೇಕೆಂಬ ಕಟ್ಟುಪಾಡೂ ಇಲ್ಲ. “ಬೇರೆ ಏನಾದರೂ ಮದ್ದು ಉಂಟಾ?” ಎಂದು ಬೈಯದೆ, ಹೀಗಳೆಯದೆ ಕೇಳುವವರು ಫಾರ್ಮಸಿಸ್ಟರೇ ಆಗಬೇಕು.

ಬಿಲ್ಲಿನ ಮೇಲಿನ ಅಂಕಿ

ಫಾರ್ಮಸಿಸ್ಟರ ಕಣ್ಣಿಗೂ ಕಾಣದ ಅಪಾಯವೊಂದಿದೆ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ‘ಕೋಲ್ಡ್ರಿಫ್’ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಕಿಡ್ನಿ ಕೈಕೊಟ್ಟು, 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರದಲ್ಲಿ. ಅಲ್ಲಿನ ಔಷಧ ಇಲಾಖೆಯ ಪರೀಕ್ಷೆಯಲ್ಲಿ ಎಸ್‌ಆರ್‌–13 ಎಂಬ ಬ್ಯಾಚಿನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಕಾರ್ಖಾನೆಗಳಲ್ಲಿ ಬಳಸುವ ಈ ದ್ರಾವಕ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದು, ಅಲ್ಲಿನ 1938ರ ಔಷಧ ಕಾಯ್ದೆಗೆ ಕಾರಣವಾಯಿತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ಜನರನ್ನು ಬಲಿ ತೆಗೆದುಕೊಂಡಿತು, ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿಗೆ ಸಂಬಂಧಿಸಿ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಸುಮಾರು ತೊಂಬತ್ತು ವರ್ಷಗಳಿಂದ ಗೊತ್ತಿರುವ ವಿಷ ಮಕ್ಕಳ ಬಾಟಲಿಗೆ ಇನ್ನೂ ಸೇರುತ್ತಿರುವುದನ್ನು ನೆನೆದರೆ ಸಿಟ್ಟು ಬರುತ್ತದೆ.

ಮುಚ್ಚಿದ ಬಾಟಲಿಯೊಳಗಿನ ವಿಷವನ್ನು ಕೌಂಟರಿನಲ್ಲಿ ಕಂಡುಹಿಡಿಯಲಾಗದು. ಅದು ಕಾರ್ಖಾನೆಯ ಮತ್ತು ಸರಕಾರದ ಹೊಣೆ. ಆದರೂ ಕೌಂಟರಿಗೆ ಕೆಲಸವಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಕೋಲ್ಡ್ರಿಫ್ ಅದೇ ಗುಂಪಿನದು. ಆ ಸೂಚನೆ ಪಾಲಿಸಿದ ಕೌಂಟರುಗಳು, ತಮಗೆ ಗೊತ್ತಿಲ್ಲದೆಯೇ, ಮಗುವನ್ನು ವಿಷದಿಂದಲೂ ಕಾಯುತ್ತಿದ್ದವು. ದುರಂತದ ಬಳಿಕ ಕೇರಳ ಆ ಸಿರಪ್ ಮಾರಾಟ ನಿಲ್ಲಿಸಿ, 12 ವರ್ಷದೊಳಗಿನ ಮಕ್ಕಳಿಗೆ ಚೀಟಿ ಇಲ್ಲದೆ ಮದ್ದು ಕೊಡಬಾರದು, ಹಳೆ ಚೀಟಿಗೂ ಕೊಡಬಾರದು ಎಂದಿತು. ಇನ್ನು ಬ್ಯಾಚ್ ನಂಬರ್. ಬಿಲ್ಲಿನಲ್ಲಿ ಅದು ಇದ್ದರೆ ಯಾವ ಮನೆಗೆ ಯಾವ ಬಾಟಲಿ ಹೋಯಿತೆಂದು ಹುಡುಕಿ ವಾಪಸ್ ತರಿಸಬಹುದು. ‘ಬಿಲ್ ಬೇಡ, ಐದು ರೂಪಾಯಿ ಕಡಿಮೆ ಮಾಡಿ’ ಎನ್ನುವವರು ಕಳೆದುಕೊಳ್ಳುವುದು ಆ ಒಂದು ಅಂಕಿಯನ್ನು.

ಇಷ್ಟನ್ನೆಲ್ಲ ಒಬ್ಬರಿಂದ ಬಯಸುವಾಗ ಅವರ ದಿನ ಹೇಗಿದೆ ಎಂದು ಕೇಳುವುದೂ ನ್ಯಾಯ. ಬೆಳಿಗ್ಗೆ ಎಂಟಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ಅಂಗಡಿಯ ಹದಿನಾಲ್ಕು ಗಂಟೆಗೆ ಒಂದೇ ಸರ್ಟಿಫಿಕೇಟ್ ಇರುತ್ತದೆ. ಯಾವ ಮನುಷ್ಯನೂ ಅಷ್ಟು ಹೊತ್ತು ಎಚ್ಚರದಿಂದ ನಿಲ್ಲಲಾರ. ನಾಲ್ಕು ವರ್ಷ ಬಿ.ಫಾರ್ಮ ಓದಿದವರಿಗೆ ಕೌಂಟರಿನಲ್ಲಿ ಸಿಗುವ ಸಂಬಳ ಸಾಲದೆ ಅನೇಕರು ಗಲ್ಫಿಗೆ ಹೋಗುತ್ತಾರೆ. ಚೀಟಿ ಓದಿ, ವೈದ್ಯರಿಗೆ ಫೋನ್ ಮಾಡಿ, ಅಜ್ಜಿಗೆ ಎರಡು ಸಲ ಹೇಳಿ, ‘ಇಲ್ಲ’ ಎಂದು ವಾಪಸ್ ಕಳಿಸಿದ್ದಕ್ಕೆ ಬಿಲ್ಲಿನಲ್ಲಿ ಯಾವ ಸಾಲೂ ಇಲ್ಲ. ಆದಾಯ ಬರುವುದು ಮಾರಿದ ಮಾತ್ರೆಯಿಂದ ಮಾತ್ರ. ಹೀಗಿರುವಾಗ ಕಡಿಮೆ ಮಾರುವುದೇ ಸರಿಯಾದ ದಿನಗಳಲ್ಲೂ ಸರಿಯಾಗಿ ನಡೆದುಕೊಳ್ಳುವವರು ತಮ್ಮ ಜೇಬಿನಿಂದಲೇ ಅದರ ಬೆಲೆ ತೆರುತ್ತಿದ್ದಾರೆ. ಉದ್ದ ಹೊತ್ತು ತೆರೆದಿರುವ ಅಂಗಡಿಗೆ ಎರಡನೇ ಫಾರ್ಮಸಿಸ್ಟ್ ಕಡ್ಡಾಯವಾಗಬೇಕು, ಇಲ್ಲವೆ ಅವರಿಲ್ಲದ ಹೊತ್ತಿನಲ್ಲಿ ಚೀಟಿಯ ಮದ್ದಿನ ಕಪಾಟಿಗೆ ಬೀಗ ಬೀಳಬೇಕು. ತಪಾಸಣೆಗೆ ಬರುವ ಡ್ರಗ್ ಇನ್‌ಸ್ಪೆಕ್ಟರು ರಿಜಿಸ್ಟರಿನ ಸಾಲುಗಳನ್ನು ಎಣಿಸುವ ಮೊದಲು, ಗೋಡೆಯ ಮೇಲಿನ ಹೆಸರಿನವರು ಎದುರಿಗಿದ್ದಾರೆಯೇ ಎಂದು ನೋಡಬೇಕು. ಫಾರ್ಮಸಿಸ್ಟರು ಬಿಳಿ ಕೋಟಿನ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಧರಿಸಿರಬೇಕೆಂದು 2015ರ ನಿಯಮಾವಳಿಯೇ ಹೇಳಿದೆ. ಗ್ರಾಹಕರೂ ಅದನ್ನು ನೋಡಬಹುದು. ‘ಫಾರ್ಮಸಿಸ್ಟ್ ಇದ್ದಾರಾ?’ ಎಂದು ಕೇಳಬಹುದು. ‘ಊಟಕ್ಕೆ ಹೋಗಿದ್ದಾರೆ, ಅರ್ಧ ಗಂಟೆ’ ಎಂದರೆ, ಚೀಟಿಯಲ್ಲಿ ಮಗುವಿನ ಹೆಸರಿದ್ದರೆ, ಅರ್ಧ ಗಂಟೆ ಕಾಯಬಹುದು.